ಯಾವ ಭಾಗ ಬಂದ್ ಆಗೈತಿ, ಹೇಳು

ಕಳೆದ ತಿಂಗಳು ಡೊಂಬಿವಲಿಯಲ್ಲಿ ನಮ್ಮ ಸೈನ್ಸ್ ಟೀಚರಿಗೆ ಶ್ರದ್ಧಾಂಜಲಿ ಸಭೆ ಇತ್ತು. ಹಳೆಯ ವಿದ್ಯಾರ್ಥಿಗಳು, ಅವರ ಜೊತೆ ಕೆಲಸ ಮಾಡಿದ ಒಂದಿಬ್ಬರು ಮೇಷ್ಟ್ರುಗಳು, ಪರಿಚಯದ ಕನ್ನಡದವರು ಎಲ್ಲ ಸೇರಿ ಹಾಲ್ ಅರ್ಧ ತುಂಬಿತ್ತು. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಒಳ್ಳೆಯ ಮಾತುಗಾರರು. ನಮ್ಮವರ ಮದುವೆಗೂ ಮರಣಕ್ಕೂ ಮೈಕ್ ಹಿಡಿಯುವವರು ಅವರೇ. ಟೀಚರ್ ಬಗ್ಗೆ ಎಷ್ಟು ಬೇಕೋ ಅಷ್ಟು ಹೊಗಳಿ, ಕೊನೆಗೆ ದನಿ ತಗ್ಗಿಸಿ ಹೇಳಿದರು: "ಒಂದು ಲೆಕ್ಕಕ್ಕೆ ಪುಣ್ಯವಂತರು. ಲಕ್ವಾ ಹೊಡೆದ ಮೇಲೆ ತಲೆಯೇ ನಿಂತುಹೋಗಿತ್ತಂತೆ. ತಮಗೇನಾಗಿದೆ ಎಂದು ಅವರಿಗೆ ತಿಳಿಯಲೇ ಇಲ್ಲ. ಕಷ್ಟ ಗೊತ್ತಾಗದೆ ಹೋದರು."

ಅಕ್ಕಪಕ್ಕದವರು ಹೌದೆಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಟೀಚರ್ ಆ ಸಭೆಯಲ್ಲಿ ಇದ್ದಿದ್ದರೆ ಎದ್ದು ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದರು. "ತಲಿ ನಿಂತಿತ್ತಂದ್ರ? ಯಾವ ಭಾಗ?" ಅವರ ಪರವಾಗಿ ಆ ಪ್ರಶ್ನೆ ಕೇಳುವ ಧೈರ್ಯ ನನಗೆ ಅಲ್ಲಿ ಬರಲಿಲ್ಲ. ಸಭೆಯಲ್ಲಿ ಆಮೇಲೆ ಏನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಅವರು ಎಂಥವರು ಎಂದು ಹೇಳಬೇಕು.

ನಮ್ಮದು ಮುಂಬೈ ಪಕ್ಕದ ಡೊಂಬಿವಲಿಯ ಕನ್ನಡ ಮಾಧ್ಯಮದ ಶಾಲೆ. ಹೊಟೇಲಿನವರ ಮಕ್ಕಳು, ರೈಲ್ವೆಯವರ ಮಕ್ಕಳು, ಬಟ್ಟೆ ಅಂಗಡಿಯವರ ಮಕ್ಕಳು. ಅರ್ಧ ಜನ ಮನೆಯಲ್ಲಿ ತುಳು ಮಾತಾಡುವವರು, ಇನ್ನರ್ಧ ಬಿಜಾಪುರ, ಗದಗದ ಕಡೆಯವರು. ನಾವು ಕರಾವಳಿಯವರು ಅವರನ್ನು ಟೀಚರ್ ಎನ್ನುತ್ತಿದ್ದೆವು, ಗದಗದ ಕಡೆಯವರು ಅಕ್ಕೋರು ಎನ್ನುತ್ತಿದ್ದರು. ಅವರೇ ಗದಗದವರಾದರೂ ಯಾವ ಹೆಸರಿನಿಂದ ಕರೆದರೂ ಓಗೊಡುತ್ತಿದ್ದರು. ಗಂಡ ಕಲ್ಯಾಣದಲ್ಲಿ ರೈಲ್ವೆ ಕೆಲಸ, ಮನೆ ಠಾಕುರ್ಲಿ ಸ್ಟೇಷನ್ನಿನ ಹತ್ತಿರ. ಗಿಡ್ಡ ಆಳು, ದಪ್ಪ ಕನ್ನಡಕ, ಎತ್ತರದ ದನಿ. ಠಾಕುರ್ಲಿಯಿಂದ ಡೊಂಬಿವಲಿ ಒಂದೇ ಸ್ಟೇಷನ್. ಆ ಒಂದು ಸ್ಟೇಷನ್ನಿಗೂ ಅವರು ಲೇಡೀಸ್ ಡಬ್ಬಿಯಲ್ಲಿ, ಮೂವರ ಬೆಂಚಿನ ತುದಿಗೆ ಒತ್ತಿ ಕೂರುವ ನಾಲ್ಕನೆಯ ಸೀಟಿಗೆ ಜಗಳ ಆಡುತ್ತಿದ್ದರು ಎಂದು ನೋಡಿದವರು ಹೇಳುತ್ತಿದ್ದರು.

ತರಗತಿಯ ಬಾಗಿಲಲ್ಲಿ ಕಾಲಿಡುತ್ತಲೇ, ನಾವು ಪೂರ್ತಿ ಎದ್ದು ನಿಲ್ಲುವ ಮೊದಲೇ, "ಕುಂದರ್ರಿ" ಎನ್ನುತ್ತಿದ್ದರು. ಆ ಒಂದೇ ಮಾತು ಅವರ ಬಾಯಲ್ಲಿ ಎಷ್ಟು ಕೆಲಸ ಮಾಡುತ್ತಿತ್ತೋ. ಉತ್ತರ ಸರಿಯಿದ್ದರೆ ಚಿಕ್ಕದಾಗಿ, ಬಾಗಿಲು ಮುಚ್ಚಿದಂತೆ ಒಂದು ಕುಂದರ್ರಿ. ತಪ್ಪಿದ್ದರೆ ಕೊನೆಯ ಅಕ್ಷರವನ್ನು ಎಳೆದು, ಕನ್ನಡಕದ ಮೇಲಿಂದ ನೋಡಿ ಇನ್ನೊಂದು. ಯಾರಿಗಾದರೂ ಜ್ವರ ಬಂದಿದ್ದರೆ, ಮನೆಯಲ್ಲಿ ಏನಾದರೂ ಆಗಿ ಕಣ್ಣು ತುಂಬಿಕೊಂಡು ಬಂದಿದ್ದರೆ, ಅವರಿಗೆ ಮಾತ್ರ ಒಂದು ಮೆತ್ತನೆಯ ಕುಂದರ್ರಿ ಇತ್ತು. ಅದನ್ನು ಕೇಳಲಿಕ್ಕೆಂದೇ ಕೆಲವರು ಜ್ವರದ ನಾಟಕ ಆಡುತ್ತಿದ್ದರು.

ಎಲ್ಲ ಪಾಠಗಳಲ್ಲಿ ಅವರಿಗೆ ಪ್ರಾಣಕ್ಕಿಂತ ಹೆಚ್ಚಿನದು ಮೆದುಳಿನ ಪಾಠ. ಪುಸ್ತಕದಲ್ಲಿದ್ದದ್ದು ಎರಡು ಪುಟ: ಮಹಾಮಸ್ತಿಷ್ಕ, ಅನುಮಸ್ತಿಷ್ಕ, ಮೆಡುಲ್ಲಾ ಅಬ್ಲಾಂಗೇಟಾ, ಒಂದು ಚಿತ್ರ, ಕೆಳಗೆ ಪ್ರಶ್ನೆಗಳು. ಟೀಚರ್ ಆ ಎರಡು ಪುಟವನ್ನು ಹಿಗ್ಗಿಸಿ ಹಿಗ್ಗಿಸಿ ವಾರಗಟ್ಟಲೆ ಮಾಡುತ್ತಿದ್ದರು. ಪುಸ್ತಕ ಮುಚ್ಚಿಸಿ ಎಲ್ಲರನ್ನೂ ನಿಲ್ಲಿಸಿ ಕವಾಯತು ಶುರು. "ಹಣಿ ಮ್ಯಾಲ ಕೈ ಇಡ್ರಿ. ಅಂಗೈ ಬಿಚ್ಚಿ. ಇಲ್ಲಿ ಏನೈತಿ?" ಅಂದರೆ ನಾವು, "ಯೋಚನೆ, ತೀರ್ಮಾನ, ಸಿಟ್ಟು ತಡೆಯುವುದು" ಎಂದು ಕೂಗಬೇಕು. ಆಮೇಲೆ "ಈಗ ಮುಷ್ಟಿ ಮಾಡ್ರಿ. ಬಂದ್ ಆತು. ಏನಾಗತೈತಿ?" ಎಂಬುದು ಎರಡನೆಯ ಪ್ರಶ್ನೆ. ಅಂಗೈ ಬಿಚ್ಚಿದರೆ ಆ ಭಾಗ ಚಾಲೂ, ಮುಷ್ಟಿ ಕಟ್ಟಿದರೆ ಬಂದ್. ಮುಂಬೈ ಕಡೆಯ ಮಕ್ಕಳಿಗೆ ಬಂದ್ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಒಂದು ಭಾಗ ಏನು ಮಾಡುತ್ತದೆ ಎಂಬುದು ಅದು ಬಂದ್ ಆದ ದಿನವೇ ಗೊತ್ತಾಗುವುದು ಎಂಬುದು ಅವರ ವಾದ.

ಹೀಗೆ ಕೈ ತಲೆಯ ತುಂಬ ಓಡಾಡುತ್ತಿತ್ತು. ತಲೆಯ ಹಿಂಭಾಗ ನೋಟದ್ದು. ಅಲ್ಲಿ ಬಂದ್ ಆದರೆ ಕಣ್ಣು ಸರಿಯಿದ್ದರೂ ಕಾಣುವುದಿಲ್ಲ. ಅದರ ಕೆಳಗೆ, ಕತ್ತಿನ ಮೇಲ್ಗಡೆ, ಅನುಮಸ್ತಿಷ್ಕ. ಅಲ್ಲಿ ಬಂದ್ ಆದರೆ ನಡೆಯುವಾಗ ತೂರಾಡುತ್ತೇವೆ, ಲೋಟ ಹಿಡಿಯಲು ಹೋದ ಕೈ ಪಕ್ಕಕ್ಕೆ ಹೋಗುತ್ತದೆ. ಎಡಗಣ್ಣಿಗೂ ಎಡಕಿವಿಗೂ ನಡುವಿನ ಜಾಗ ಮಾತನಾಡಿಸುವುದು. ಅಲ್ಲಿಂದ ಸ್ವಲ್ಪ ಹಿಂದೆ ಸರಿದು ಕಿವಿಯ ಹಿಂದೆ ಕೈಯಿಟ್ಟರೆ ಅದು ಮಾತನ್ನು ತಿಳಿದುಕೊಳ್ಳುವುದು. ಇದು ನಮ್ಮ ಪುಸ್ತಕದಲ್ಲಿ ಇರಲೇ ಇಲ್ಲ. "ಮಾತಾಡೂ ಜಾಗಾ ಬ್ಯಾರೆ, ತಿಳಿಯೂ ಜಾಗಾ ಬ್ಯಾರೆ. ಬಾಜೂಬಾಜೂ ಅದಾವು, ಆದ್ರ ಬಾಗಲಾ ಬ್ಯಾರೆ ಬ್ಯಾರೆ," ಎಂದು ಎಷ್ಟು ಸಲ ಹೇಳಿದ್ದರೋ. ಪರೀಕ್ಷೆಗೆ ಬಾರದ್ದನ್ನು ಇಷ್ಟು ಯಾಕೆ ಹೇಳುತ್ತಾರೆ ಎಂದು ಹುಡುಗರು ಗೊಣಗುತ್ತಿದ್ದರು.

ಕೊನೆಗೆ ಕೈ ತಲೆಬುರುಡೆ ಕತ್ತಿಗೆ ಸೇರುವ ಗುಳಿಗೆ ಬರುತ್ತಿತ್ತು. ಅದು ಮೆಡುಲ್ಲಾ, ಉಸಿರು, ಎದೆಬಡಿತ. ಅಲ್ಲಿ ಮಾತ್ರ ಮುಷ್ಟಿ ಕಟ್ಟುವ ಹಾಗಿಲ್ಲ. ಯಾರಾದರೂ ತುಂಟತನಕ್ಕೆ ಕಟ್ಟಿದರೆ ಓಡಿ ಬಂದು ಕೈ ಎಳೆದು ಬಿಡಿಸುತ್ತಿದ್ದರು. "ಅಲ್ಲಿ ಬ್ಯಾಡ. ಅದು ವಾಚ್‌ಮನ್ ಇದ್ದಂಗ, ಅವ ರಜಾ ತಗೊಂಡ್ರ ಬಿಲ್ಡಿಂಗ್ ಇಲ್ಲ," ಎನ್ನುವಾಗ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಬೋರ್ಡಿನ ಮೇಲೆ ಬರೆದ ಕೈಯಿಂದಲೇ ತಲೆ ಮುಟ್ಟಿ ತೋರಿಸುತ್ತಿದ್ದುದರಿಂದ ಸಂಜೆಯ ಹೊತ್ತಿಗೆ ಅವರ ಕಪ್ಪು ಕೂದಲಿನ ಮೇಲೆ ಚಾಕ್‌ಪುಡಿ ಕೂತಿರುತ್ತಿತ್ತು. ಹಣೆಯ ಹತ್ತಿರ ಒಂದು ಬಿಳಿ ಮಚ್ಚೆ, ಕಿವಿಯ ಮುಂದೊಂದು, ಹಿಂದೊಂದು, ಕತ್ತಿನಲ್ಲೊಂದು. ರೈಲಿನಲ್ಲಿ ಹೆಂಗಸರು "ಬಾಯಿ, ಪಾವಡರ್ ಲಾಗ್ಲೀಯ್", ಪೌಡರ್ ಹತ್ತಿದೆ, ಎಂದರೆ ಇರಲಿ ಎಂದು ಕೈಬೀಸುತ್ತಿದ್ದರಂತೆ.

ಬಲಗೈಯನ್ನು ಎಡಮೆದುಳು ಆಡಿಸುತ್ತದೆ, ಎಡಗೈಯನ್ನು ಬಲಮೆದುಳು ಎಂಬುದು ನಮಗೆ ತಲೆಗೆ ಹೋಗಲಿಲ್ಲ. ಇದೇನು ಉಲ್ಟಾ ವ್ಯವಹಾರ ಎಂದು ಒಬ್ಬ ಕೇಳಿದ. ಟೀಚರ್ ಮರುದಿನ ಇಡೀ ತರಗತಿಯನ್ನು ಡೊಂಬಿವಲಿ ಸ್ಟೇಷನ್ನಿನ ಸೇತುವೆಗೆ ಕರೆದುಕೊಂಡು ಹೋದರು. ಗದ್ದಲದ ನಡುವೆ ನಮ್ಮನ್ನು ಗೋಡೆಗೆ ಒತ್ತಿ ನಿಲ್ಲಿಸಿ, "ನೋಡ್ರಿ, ಈಸ್ಟಿನವರು ವೆಸ್ಟಿಗೆ ಹೊಂಟಾರ, ವೆಸ್ಟಿನವರು ಈಸ್ಟಿಗೆ ಹೊಂಟಾರ. ಎಲ್ಲಿ ದಾಟತಾರ? ಇದ ಸೇತುವಿ ಮ್ಯಾಲ. ನಿಮ್ಮ ಕುತ್ತಿಗಿ ಮ್ಯಾಲೂ ಹಿಂತಾದ ಒಂದು ಸೇತುವಿ ಐತಿ," ಎಂದರು. ದಾಟುತ್ತಿದ್ದವರು ಯಾವುದೋ ಮೋರ್ಚಾ ಇರಬೇಕೆಂದು ದೂರ ಸರಿದು ಹೋದರು. ಪಾಠ ನಮಗೆ ಎಷ್ಟು ಚೆನ್ನಾಗಿ ಹಿಡಿಸಿತೆಂದರೆ, ಆ ಸಲದ ಪರೀಕ್ಷೆಯಲ್ಲಿ ಒಬ್ಬ "ಮೆದುಳಿನ ಬಲಭಾಗವು ಡೊಂಬಿವಲಿ ಪಶ್ಚಿಮವನ್ನು ನಿಯಂತ್ರಿಸುತ್ತದೆ" ಎಂದು ಬರೆದ. ಹೆಡ್‌ಮಾಸ್ತರರು ಆ ಕಾಗದ ಹಿಡಿದುಕೊಂಡು ಬಂದು ಇದಕ್ಕೇನು ಹೇಳುತ್ತೀರಿ ಎಂದರು. ಟೀಚರ್ ಓದಿ, "ಅರ್ಧಾ ಮಾರ್ಕ್ಸ್ ಕೊಡ್ರಿ. ದಾಟೂದು ತಿಳದೈತಿ, ಊರಷ್ಟ ತಪ್ಪೈತಿ," ಎಂದರು.

ಒಂದು ವರ್ಷ ಅವರಿಗೆ ನಿಜವಾದ ಮೆದುಳನ್ನು ತೋರಿಸಬೇಕು ಎನ್ನಿಸಿತು. ಕುರಿಯದ್ದಾದರೂ ಸೈ. ತೊಂದರೆಯೆಂದರೆ ಅವರು ಲಿಂಗಾಯತರು, ಮೊಟ್ಟೆಯ ಅಂಗಡಿಯ ಮುಂದೆ ನಡೆಯುವಾಗಲೂ ಸೆರಗು ಮೂಗಿಗೆ ಹೋಗುತ್ತಿತ್ತು. ನನ್ನ ಅಪ್ಪ ಠಾಣೆಯಲ್ಲಿ ಒಂದು ಲಂಚ್ ಹೋಮಿನ ಮ್ಯಾನೇಜರ್. ಟೀಚರ್ ನನ್ನ ಕೈಯಲ್ಲಿ ಒಂದು ಹೊಸ ಸ್ಟೀಲ್ ಡಬ್ಬಿ ಕೊಟ್ಟು, "ನಿಮ್ಮ ಅಪ್ಪಾರಿಗೆ ಹೇಳು, ಒಡೀಲಾರದ್ದು ಬೇಕು, ಸಣ್ಣ ಮೆದುಳು ಹಿಂದ ಅಂಟಿಕೊಂಡಿರಬೇಕು," ಎಂದರು. ಅಪ್ಪ ಮುಂಬ್ರಾದ ಮಟನ್ ಅಂಗಡಿಯವನಿಗೆ ಹೇಳಿ, ಚೆನ್ನಾಗಿರುವುದನ್ನು ಆರಿಸಿ ತಂದು, ರಾತ್ರಿ ಫ್ರಿಜ್ಜಿನಲ್ಲಿಟ್ಟು ಮಲಗಿದರು. ಬೆಳಿಗ್ಗೆ ಬೇಗ ಡ್ಯೂಟಿಗೆ ಹೋಗುವಾಗ ಅಮ್ಮನಿಗೆ ಹೇಳಲು ಮರೆತರು. ಅಮ್ಮ ಫ್ರಿಜ್ಜು ತೆಗೆದಳು, ಮೆದುಳು ಕಂಡಳು. ಕರಾವಳಿಯ ಹೆಂಗಸು ಫ್ರಿಜ್ಜಿನಲ್ಲಿ ಮೆದುಳು ಕಂಡರೆ ಏನು ಮಾಡುತ್ತಾಳೋ ಅದನ್ನೇ ಮಾಡಿದಳು. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಸುಕ್ಕ ತಯಾರಾಗಿತ್ತು.

ನಾನು ಅಳುತ್ತಾ ಶಾಲೆಗೆ ಹೊರಟಾಗ ಅಮ್ಮನೂ ನನ್ನ ಹಿಂದೆಯೇ ಬಂದಳು. "ಎಂತ ಹೇಳುದು ಟೀಚರೇ, ಅದು ಪಾಠದ್ದು ಅಂತ ನನಗೆ ಯಾರೂ ಹೇಳ್ಲಿಲ್ಲ. ಕಾಯಿ ಹುರಿದು ಹಾಕಿ ಆಯ್ತು," ಎಂದಳು. ಟೀಚರ್ ನನ್ನ ಕಡೆ ತಿರುಗಿ ಕೇಳಿದರು: "ತಿಂದೇನು?" ಹೂಂ ಅಂದೆ. "ಮತ್ತ ಯಾವ ಭಾಗ ನಿನ್ನ ಪಾಲಿಗೆ ಬಂತು, ಹೇಳು." ನನಗೆ ಗೊತ್ತಿರಲಿಲ್ಲ. "ತಾಟಿನ್ಯಾಗ ಬಂದದ್ದು ಏನು ಅಂತ ನೋಡಲಾರದ ತಿಂದಿ. ಕುಂದರ್ರಿ." ಅದು ಎಳೆದ ಕುಂದರ್ರಿ. ಅಮ್ಮನೂ ಹೆದರಿ ಬೆಂಚಿನ ಮೇಲೆ ಕೂತುಬಿಟ್ಟಳು. ಮುಂದಿನ ವಾರ ಅಪ್ಪ ಇನ್ನೊಂದು ತಂದರು. ಡಬ್ಬಿಯ ಮೇಲೆ ದೊಡ್ಡದಾಗಿ "ಶಾಲೆ" ಎಂದು ಬರೆದಿದ್ದರು. ಟೀಚರ್ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಉಸಿರು ಬಿಗಿಹಿಡಿದು, ಎಲ್ಲ ಭಾಗಗಳನ್ನೂ ಒಂದೊಂದಾಗಿ ತೋರಿಸಿದರು. ಆ ದಿನ ಮಧ್ಯಾಹ್ನ ಅವರು ತಂದಿದ್ದ ರೊಟ್ಟಿ ಬುತ್ತಿ ಬಿಚ್ಚಲೇ ಇಲ್ಲ.

ಅವರನ್ನು ದೇವತೆ ಮಾಡುವುದು ನನಗೆ ಬೇಡ. ಮುಂಗೋಪಿ. ರಸಾಯನಶಾಸ್ತ್ರ ಅವರಿಗೆ ಬರುತ್ತಿರಲಿಲ್ಲ. ಸಮೀಕರಣಗಳನ್ನು ಬೋರ್ಡಿಗೆ ಬರೆದು, ಬರಕೊಳ್ರಿ ಎಂದು ಕಿಟಕಿ ನೋಡುತ್ತಾ ನಿಲ್ಲುತ್ತಿದ್ದರು. ವಾಚಾಳಿ ಮಕ್ಕಳೆಂದರೆ ಇಷ್ಟ, ಮೌನಿಗಳ ಹೆಸರೇ ನೆನಪಿರುತ್ತಿರಲಿಲ್ಲ. ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತಾ ಸ್ವಂತ ಮಗನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದರು. ಅದನ್ನು ಎಲ್ಲರೂ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಆ ಹುಡುಗ ಮನೆಯ ಕನ್ನಡ ಬಲ್ಲ, ಆದರೆ ತಾಯಿಯ ತರಗತಿಯಲ್ಲಿ ಒಂದು ದಿನವೂ ಕೂತವನಲ್ಲ.

ಆದರೆ ಒಂದು ವಿಷಯದಲ್ಲಿ ಅವರು ಯಾರನ್ನೂ ಬಿಡುತ್ತಿರಲಿಲ್ಲ. ಯಾರನ್ನಾದರೂ ತಲೆಯಿಲ್ಲದವನು, ತಲೆ ಕೆಟ್ಟವನು ಎಂದರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ನನ್ನ ಗಣಿತದ ಮಾರ್ಕು ನೋಡಿ ಅಮ್ಮ ಅವರ ಮುಂದೆಯೇ, "ಇವಳಿಗೆ ತಲೆಯೇ ಇಲ್ಲ ಟೀಚರೇ," ಎಂದಳು.

"ತಲಿ ಐತಲ್ರೀ, ಕಾಣಾಕತ್ತೈತಿ. ಯಾವ ಭಾಗ ಬಂದ್ ಆಗೈತಿ, ಅಷ್ಟ ಹೇಳ್ರಿ."

"ಲೆಕ್ಕ ಬರುದಿಲ್ಲ."

"ನೆನಪು?"

"ಅದು ಉಂಟು. ಸಿನೆಮಾ ಪದ್ಯ ಎಲ್ಲ ಬಾಯಿಪಾಠ."

"ಮಾತು?"

"ಮಾತಿಗೆ ಎಂತದೂ ಕಮ್ಮಿ ಇಲ್ಲ."

"ಮತ್ತ ಒಂದ ಖೋಲಿ ಸೋರತೈತಿ ಅಂತ ಇಡೀ ಬಿಲ್ಡಿಂಗ್ ಯಾಕ ಕೆಡವತೀರಿ? ಪೂರ್ತಿ ತಲಿ ಎಂದೂ ಕೆಡಂಗಿಲ್ರೀ. ಯಾವ ಭಾಗ ಅಂತ ಕೇಳಬೇಕು."

ಅಮ್ಮ ಮನೆಗೆ ಬಂದು ಇದನ್ನು ಅಪ್ಪನ ಮೇಲೆ ಪ್ರಯೋಗಿಸಿದಳು. ನಮ್ಮ ಮನೆಯಲ್ಲಿ ಇಂದಿಗೂ ಯಾರಾದರೂ ಹಾಲು ಉಕ್ಕಿಸಿದರೆ, ಬೀಗದ ಕೈ ಮರೆತರೆ, ಯಾವ ಭಾಗ ಎಂದೇ ಕೇಳುವುದು.

ಅವರು ನಿವೃತ್ತರಾಗುವ ಹೊತ್ತಿಗೆ ಶಾಲೆಯಲ್ಲಿ ಮಕ್ಕಳು ಬಹಳ ಕಡಿಮೆಯಾಗಿದ್ದರು. ಕೊನೆಯ ವರ್ಷದ ತರಗತಿಗೆ ಕವಾಯತು ಮಾಡಿಸುವಾಗ ಕೂಗು ಬರುತ್ತಿರಲಿಲ್ಲ, ಮಾತಾಡಿದಂತೆ ಕೇಳುತ್ತಿತ್ತು ಎಂದು ಅವರೇ ಒಮ್ಮೆ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಾಗ ಹೇಳಿದ್ದರು. ಗಂಡ ಹೋದ ಮೇಲೂ ಠಾಕುರ್ಲಿಯ ಮನೆಯಲ್ಲೇ ಒಬ್ಬರೇ ಇದ್ದರು, ಟ್ಯೂಷನ್ ಹೇಳುತ್ತಾ. ಲಕ್ವಾ ಹೊಡೆದದ್ದು ಅಲ್ಲಿಯೇ. ಆಸ್ಪತ್ರೆಯಿಂದ ಮಗ ಸೀದಾ ಠಾಣೆಯ ಘೋಡಬಂದರ್ ರಸ್ತೆಯ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ "ಟೀಚರಿಗೆ ಯಾರ ಗುರುತೂ ಸಿಗುತ್ತಿಲ್ಲವಂತೆ" ಎಂದು ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ. ಗುರುತು ಸಿಗದವರನ್ನು ನೋಡಿ ಮಾಡುವುದೇನು ಎಂದುಕೊಂಡು ಕೆಲವು ತಿಂಗಳು ಕಳೆದವು. ಕೊನೆಗೆ ಒಂದು ಶನಿವಾರ ಮನಸ್ಸು ತಡೆಯದೆ ಹೋದೆ.

ಗೇಟಿನಲ್ಲಿ ಹೆಸರು ಬರೆಸಿ, ಲಿಫ್ಟಿನಲ್ಲಿ ಮೇಲೆ ಹೋದರೆ ಸೊಸೆ ಬಾಗಿಲು ತೆಗೆದಳು. ಒಳ್ಳೆಯ ಹುಡುಗಿ, ದಣಿದಿದ್ದಳು. ಟೀಚರನ್ನು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರಿಸಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇನ್ನು ಚಾಕ್‌ಪುಡಿ ಹತ್ತಿದರೂ ಕಾಣುವಂತಿರಲಿಲ್ಲ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಎದುರಿಗೆ ಟಿವಿಯಲ್ಲಿ ಮಕ್ಕಳ ಕಾರ್ಟೂನ್ ಓಡುತ್ತಿತ್ತು. ನನ್ನನ್ನು ನೋಡಿ ಸ್ಪಷ್ಟವಾಗಿ "ಕುಂದರ್ರಿ" ಎಂದರು.

ನಾನು ಕೂತೆ. ಎಷ್ಟು ಚೆನ್ನಾಗಿ ಮಾತಾಡುತ್ತಾರಲ್ಲ ಎಂದೆ.

"ಅದೊಂದ ಶಬ್ದ ಉಳದೈತ್ರೀ," ಎಂದ ಒಳಗಿನಿಂದ ಬಂದ ಮಗ. "ನೀರಿಗೂ ಅದ, ಹಸಿವಿಗೂ ಅದ, ಸಿಟ್ಟಿಗೂ ಅದ. ಕುಂತಾವ್ರಿಗೂ ಕುಂದರ್ರಿ ಅಂತಾಳ. ಡಾಕ್ಟರು ಬ್ರೇನ್ ಡ್ಯಾಮೇಜ್ ಆಗೈತಿ ಅಂದ್ರು. ಕಾಹೀ ಸಮಜತ್ ನಾಹೀ. ಏನೂ ತಿಳಿಯಂಗಿಲ್ಲ."

ಮಾತು ಕಲಿಸಲು ಒಬ್ಬರನ್ನು ಇಟ್ಟಿದ್ದರಂತೆ. ಸೇಬು, ಬೆಕ್ಕು, ಚೆಂಡಿನ ಚಿತ್ರಗಳ ಕಾರ್ಡು ತೋರಿಸಿದಾಗ ಟೀಚರ್ ಎಡಗೈಯಿಂದ ಎಲ್ಲವನ್ನೂ ನೆಲಕ್ಕೆ ತಳ್ಳಿದರಂತೆ. ತಿಳಿಯದೆ ಹಾಗೆ ಮಾಡಿದ್ದಾರೆಂದು ಮನೆಯವರು ಅರ್ಥ ಮಾಡಿಕೊಂಡರು. ಹತ್ತನೆಯ ತರಗತಿಗೆ ಮೆದುಳು ಕಲಿಸಿದವರ ಮುಂದೆ ಸೇಬಿನ ಚಿತ್ರ ಹಿಡಿದರೆ ಯಾರಾದರೂ ತಳ್ಳುತ್ತಾರೆ ಎಂದು ನನಗನ್ನಿಸಿತು. ಆದರೆ ಖಾತ್ರಿ ಇರಲಿಲ್ಲ. ನಾನು ಡಾಕ್ಟರಲ್ಲ, ಐರೋಲಿಯ ಒಂದು ಆಫೀಸಿನಲ್ಲಿ ಬಿಲ್ ಪಾಸ್ ಮಾಡುವವಳು. ಮೆದುಳಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಎದುರಿಗೆ ಕೂತಿದ್ದವರು ಹೇಳಿಕೊಟ್ಟದ್ದೇ.

ಮಗ ತಾಯಿಯ ಕುರ್ಚಿಯ ಪಕ್ಕದಲ್ಲೇ ನಿಂತು ಮಾತು ಮುಂದುವರಿಸಿದ. ಕೆಟ್ಟವನಲ್ಲ. ತಾಯಿಯ ಉಗುರು ಕತ್ತರಿಸುವವನೂ ತಲೆ ಬಾಚುವವನೂ ಅವನೇ. ಠಾಕುರ್ಲಿಯ ಮನೆ ಮಾರಿಬಿಡುವ ವಿಚಾರ ಹೇಳಿದ. ಆಕೆಗೆ ಇನ್ನು ಅದರ ನೆನಪೇ ಇಲ್ಲವಲ್ಲ ಎಂದ. ಆಮೇಲೆ ಕಣ್ಣೊರೆಸಿಕೊಂಡು, "ಖರೆ ಹೇಳ್ಬೇಕಂದ್ರ, ಹಿಂಗ ಇರೂದಕಿಂತ ಪಾರಾದ್ರ ಛಲೋ ಅನಸ್ತೈತ್ರೀ. ಆಕೀಗೂ ಛಲೋ," ಎಂದ.

ನಾನು ಟೀಚರನ್ನೇ ನೋಡುತ್ತಿದ್ದೆ. ಅವರ ಎಡಗೈ ಸೀರೆಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಕಣ್ಣು ಟಿವಿಯ ಮೇಲಿತ್ತು.

ನಾನು ಎದ್ದು ಟಿವಿ ಆರಿಸಿದೆ. ಅವರ ಎದುರಿಗೆ ಬಂದು ನನ್ನ ಕತ್ತಿನ ಹಿಂದೆ, ಅನುಮಸ್ತಿಷ್ಕದ ಜಾಗದಲ್ಲಿ, ಅಂಗೈ ಬಿಚ್ಚಿ ಇಟ್ಟುಕೊಂಡು, ಬೇಕೆಂದೇ ತಪ್ಪಾಗಿ ಕೇಳಿದೆ. "ಟೀಚರ್, ಇದು ಮಾತಾಡುವ ಜಾಗ ಅಲ್ವಾ?"

ಅವರು ತಲೆ ತಗ್ಗಿಸಿ ಕನ್ನಡಕದ ಮೇಲಿಂದ ನೋಡಿದರು. "ಕುಂದರ್ರಿ." ಕೊನೆಯ ಅಕ್ಷರ ಎಳೆದಿದ್ದರು. ಎಷ್ಟೋ ವರ್ಷಗಳ ಹಿಂದೆ, ಸುಕ್ಕ ತಿಂದ ದಿನ ಕೇಳಿದ್ದು ಅದೇ. ನನಗೆ ಅಳು ಬಂತು, ಕೂತುಕೊಂಡೆ.

ಆಮೇಲೆ ಅವರ ಎಡಗೈ ಮೇಲಕ್ಕೆ ಬಂತು. ಮೊದಲು ಹಣೆಗೆ ಹೋಗಿ ಅಂಗೈ ಬಿಚ್ಚಿತು. ತಲೆಯ ಹಿಂಭಾಗಕ್ಕೆ ಹೋಗಿ ಅಲ್ಲೂ ಬಿಚ್ಚಿತು. ಕತ್ತಿನ ಮೇಲ್ಗಡೆ ಬಿಚ್ಚಿತು. ಆಮೇಲೆ ಎಡಗಣ್ಣಿಗೂ ಎಡಕಿವಿಗೂ ನಡುವಿನ ಜಾಗಕ್ಕೆ ಬಂತು. ಅಲ್ಲಿ ಮುಷ್ಟಿ ಕಟ್ಟಿತು. ಬೆರಳುಗಳನ್ನು ಬಿಗಿಯಾಗಿ ಒತ್ತಿ ನಮಗೆ ಕಾಣಲೆಂದು ಸ್ವಲ್ಪ ಹೊತ್ತು ಹಾಗೆಯೇ ಹಿಡಿದರು. ಅಲ್ಲಿಂದ ಕೈಯನ್ನು ಕಿವಿಯ ಹಿಂದಕ್ಕೆ ಸರಿಸಿ ಅಂಗೈ ಪೂರ್ತಿ ಬಿಚ್ಚಿದರು. ಈ ಸಲ ನನ್ನ ಕಡೆ ನೋಡಲಿಲ್ಲ, ಮಗನ ಕಡೆ ನೋಡಿದರು.

"ಅಂದ್ರ?" ಎಂದ ಅವನು. ಅವನಿಗೆ ಈ ಕವಾಯತು ಗೊತ್ತಿರಲಿಲ್ಲ.

"ಮಾತಾಡುವ ಜಾಗ ಮಾತ್ರ ಬಂದ್ ಆಗಿದೆ. ತಿಳಿಯುವ ಜಾಗ ಚಾಲೂ ಇದೆ."

"ಯಾವಾಗಿಂದ?"

"ಮೊದಲಿಂದಲೂ ಇದ್ದಿರಬೇಕು."

ಅವನು ತಾಯಿಯ ಕಡೆ ತಿರುಗಿದ. ಆಸ್ಪತ್ರೆಯಿಂದ ಬಂದ ದಿನದಿಂದ ಆ ಕುರ್ಚಿಯ ಪಕ್ಕದಲ್ಲಿ ನಿಂತು ಯಾರ ಯಾರ ಜೊತೆ ಏನೇನು ಆಡಿದ್ದನೋ, ಫೋನಿನಲ್ಲಿ ಏನೇನು ಹೇಳಿದ್ದನೋ, ಅದೆಲ್ಲ ಅವನ ಮುಖದ ಮೇಲೆ ಬಂದುಹೋಗುತ್ತಿತ್ತು. ಕಡೆಗೆ, "ಅವ್ವಾ, ನಾ ಈಗ ಅಂದಿದ್ದು..." ಎಂದು ನಿಲ್ಲಿಸಿದ.

"ಕುಂದರ್ರಿ," ಎಂದರು ಟೀಚರ್. ಜ್ವರ ಬಂದ ಮಕ್ಕಳಿಗೆ ಹೇಳುತ್ತಿದ್ದ ಮೆತ್ತನೆಯ ಕುಂದರ್ರಿ ಅದು. ಅವನು ಅವರ ಕಾಲ ಬಳಿ ನೆಲದ ಮೇಲೆ ಕೂತ.

ಮುಂದಿನ ಭೇಟಿಗೆ ಹೋಗುವಷ್ಟರಲ್ಲಿ ಕಾರ್ಟೂನ್ ಹೋಗಿ ಕನ್ನಡ ವಾರ್ತೆ ಬಂದಿತ್ತು. ಮಗ ಡಾಕ್ಟರರ ಹತ್ತಿರ ಮತ್ತೆ ಹೋಗಿ ಕೇಳಿದನಂತೆ. ಅವರು ಮೊದಲೇ ಹೇಳಿದ್ದು ಮಾತಿನ ಭಾಗಕ್ಕೆ ಪೆಟ್ಟು ಎಂದು. ಇಂಗ್ಲಿಷಿನಲ್ಲಿ ಓದಿದ ಮಗನ ಕಿವಿಗೆ ಗಾಬರಿಯಲ್ಲಿ ಬ್ರೇನ್ ಎಂಬುದೊಂದೇ ಬಿದ್ದಿತ್ತು. ಈಗ ಮನೆಯಲ್ಲಿ ಎಲ್ಲವನ್ನೂ ಅವರನ್ನು ಕೇಳಿಯೇ ಮಾಡುತ್ತಿದ್ದರು. ಅಂಗೈ ಎಂದರೆ ಹೂಂ, ಮುಷ್ಟಿ ಎಂದರೆ ಬೇಡ. ಠಾಕುರ್ಲಿಯ ಮನೆ ಮಾರಲೇ ಎಂದು ಕೇಳಿದ್ದಕ್ಕೆ ಮುಷ್ಟಿಯನ್ನು ಅವನ ಮೂಗಿನ ಹತ್ತಿರವೇ ಹಿಡಿದರಂತೆ. ಅವರು ಇರುವವರೆಗೂ ಅದು ಮಾರಾಟವಾಗಲಿಲ್ಲ. ಸೊಸೆ ಕಲಸಿದ ರೊಟ್ಟಿ ಹಿಟ್ಟಿಗೂ ಬಹುತೇಕ ಮುಷ್ಟಿಯೇ ಸಿಗುತ್ತಿತ್ತು, ಪಾಪ.

ತಿಳಿಯುತ್ತಿತ್ತು ಎಂದ ಮಾತ್ರಕ್ಕೆ ಅವರು ಸುಖವಾಗಿದ್ದರು ಎಂದು ನಾನು ಹೇಳಲಾರೆ. ಮಾತೇ ಪ್ರಾಣವಾಗಿದ್ದವರು. ಹೇಳಬೇಕಾದ್ದು ಬಾಯಿಯವರೆಗೆ ಬಂದು ಕುಂದರ್ರಿ ಆಗಿಬಿಟ್ಟಾಗ ಅಳುತ್ತಿದ್ದರು. ನಾನು ಹೋದ ಎಷ್ಟೋ ಶನಿವಾರ ಅತ್ತಿದ್ದಾರೆ. ತಿಳಿಯದೆ ಇದ್ದಿದ್ದರೆ ಸುಖ ಇತ್ತೋ ಏನೋ. ಅವರಿಗೆ ಆ ಸುಖ ಸಿಗಲಿಲ್ಲ. ತಮಗೇನಾಗಿದೆ ಎಂದು ನಮ್ಮೆಲ್ಲರಿಗಿಂತ ಚೆನ್ನಾಗಿ ತಿಳಿದುಕೊಂಡು, ಪ್ರತಿದಿನ ಅದನ್ನು ನೋಡುತ್ತಾ ಬದುಕಿದರು. ಅದನ್ನು ಕಷ್ಟ ಗೊತ್ತಾಗಲಿಲ್ಲ ಎಂದು ಕರೆಯುವುದು ಅನ್ಯಾಯ.

ಎರಡನೆಯ ಸಲ ಲಕ್ವಾ ಹೊಡೆದಾಗ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದರು. ಈ ಸಲ ಪೆಟ್ಟು ಕೆಳಗಿನ ಭಾಗಕ್ಕೆ ಎಂದರು. ಮುಷ್ಟಿ ಕಟ್ಟಬಾರದ ಜಾಗ ಅದು.

ಇನ್ನು ಸಭೆಯ ವಿಷಯ. ಅಧ್ಯಕ್ಷರು ಕಷ್ಟ ಗೊತ್ತಾಗದೆ ಹೋದರು ಎಂದು ಮುಗಿಸಿ ಕೂತರು. ಮನೆಯವರ ಪರವಾಗಿ ಮಗ ಎರಡು ಮಾತು ಹೇಳುತ್ತಾರೆ ಎಂದು ಯಾರೋ ಘೋಷಿಸಿದರು. ಅದು ಧನ್ಯವಾದವೇ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಹಿಂದೆ ಚಹಾ ಬಂದಿತ್ತು, ಕುರ್ಚಿಗಳು ಸದ್ದು ಮಾಡತೊಡಗಿದವು, ಅರ್ಧ ಜನ ಎದ್ದಾಗಿತ್ತು. ಅವನು ಮೈಕಿನ ಮುಂದೆ ನಿಂತು ನಮ್ಮನ್ನೆಲ್ಲ ನೋಡಿದ. ಸಭೆಯಲ್ಲಿ ಆಡುವ ಕನ್ನಡ ಅವನಿಗೆ ಬಾರದು. ಹೆದರಿದ್ದ.

"ಕುಂದರ್ರಿ," ಎಂದ.

ಥೇಟ್ ಅವರದೇ ದನಿ. ಚಹಾದ ಕಪ್ಪು ಕೈಯಲ್ಲಿದ್ದವರೂ ಸೇರಿ, ಎದ್ದಿದ್ದವರೆಲ್ಲ ಕೂತರು. ಅವರಲ್ಲಿ ಬಹಳ ಮಂದಿ ಒಂದು ಕಾಲಕ್ಕೆ ಆ ತರಗತಿಯಲ್ಲಿ ಕೂತವರೇ.

ಅವನು ಎಡಗಣ್ಣಿಗೂ ಕಿವಿಗೂ ನಡುವೆ ಮುಷ್ಟಿ ಕಟ್ಟಿ ಹಿಡಿದ. ಕೈಯನ್ನು ಕಿವಿಯ ಹಿಂದಕ್ಕೆ ಸರಿಸಿ ಅಂಗೈ ಬಿಚ್ಚಿದ.

"ಇದು ಚಾಲೂ ಇತ್ರೀ," ಎಂದ. "ನಾವು ಅಂದಿದ್ದೆಲ್ಲಾ ಅವ್ವ ಕೇಳಿಸಿಕೊಂಡಾಳ."